ನೀರೂ ದಕ್ಕದ ದಿನಗಳು

ಹಳೆಯ ಕನ್ನಡ ಸಿನಿಮಾಗಳಲ್ಲಿ ನಾಯಕಿ ಬಸುರಿಯಾದಳೆಂದು ತಿಳಿಸಲು ಸಂಭಾಷಣೆಯೇ ಬೇಕಿರಲಿಲ್ಲ. ಊಟಕ್ಕೆ ಕೂತವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿನತ್ತ ಓಡುತ್ತಾಳೆ, ಅತ್ತೆಯ ಮುಖ ಅರಳುತ್ತದೆ, ಮುಂದಿನ ದೃಶ್ಯದಲ್ಲಿ ಸೀಮಂತದ ಹಾಡು. ನಡುವಿನ ತಿಂಗಳುಗಳನ್ನು ತೋರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಚಿತ್ರಕಥೆ. ‘ಎಲ್ಲರಿಗೂ ಆಗೋದೇ ಕಣಮ್ಮಾ, ಮೂರು ತಿಂಗಳು ತಡ್ಕೋ’ ಎಂಬ ಮಾತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಅವರ ಅತ್ತೆ ಅವರಿಗೆ ಹೇಳಿದ್ದೂ ಅದನ್ನೇ.

ಬಹುಪಾಲು ಹೆಂಗಸರ ಮಟ್ಟಿಗೆ ಆ ಮಾತು ನಿಜವೂ ಹೌದು. ನೂರು ಗರ್ಭಿಣಿಯರಲ್ಲಿ 70ರಿಂದ 80 ಮಂದಿಗೆ ಹೊಟ್ಟೆ ತೊಳಸು, ವಾಕರಿಕೆ, ವಾಂತಿ ಒಂದಲ್ಲ ಒಂದು ಪ್ರಮಾಣದಲ್ಲಿ ಬಂದೇ ಬರುತ್ತದೆ. ಸಾಮಾನ್ಯವಾಗಿ 4ರಿಂದ 7ನೇ ವಾರದೊಳಗೆ ಶುರುವಾಗಿ, 9ನೇ ವಾರದ ಆಸುಪಾಸಿನಲ್ಲಿ ಜೋರಾಗಿ, 16ರಿಂದ 20ನೇ ವಾರದ ಹೊತ್ತಿಗೆ ಇಳಿಯುತ್ತದೆ. ಆದರೆ ನೂರರಲ್ಲಿ ಒಬ್ಬಿಬ್ಬರ, ಹೆಚ್ಚೆಂದರೆ ಮೂವರ ಪಾಡು ಬೇರೆ. ಅವರಿಗೆ ಅನ್ನವಿರಲಿ, ನೀರೂ ದಕ್ಕುವುದಿಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದಾಗ ಹಳದಿ, ಹಸಿರು ಪಿತ್ತ ಬರುತ್ತದೆ. ತನ್ನ ಉಗುಳನ್ನೇ ನುಂಗಲಾಗದೆ ಲೋಟ ಹಿಡಿದು ಕೂರುವವರಿದ್ದಾರೆ. ವೈದ್ಯರು ಇದನ್ನು ಹೈಪರೆಮೆಸಿಸ್ ಗ್ರಾವಿಡಾರಮ್ ಎನ್ನುತ್ತಾರೆ. ಇದು ಬಯಕೆಯ ಸಂಕಟದ ದೊಡ್ಡ ರೂಪವಲ್ಲ. ತೂಕ ಇಳಿಸುವ, ರಕ್ತದ ಲವಣಗಳನ್ನು ಏರುಪೇರು ಮಾಡುವ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಎರವಾಗಬಲ್ಲ ಕಾಯಿಲೆ.

‘ಜೇನ್ ಐರ್’ ಬರೆದ ಇಂಗ್ಲೆಂಡಿನ ಲೇಖಕಿ ಶಾರ್ಲೆಟ್ ಬ್ರಾಂಟೆ 1854ರ ಜೂನ್‌ನಲ್ಲಿ ಮದುವೆಯಾದರು. ಮರುವರ್ಷ ಮಾರ್ಚ್ 31ರಂದು, 38ನೇ ವಯಸ್ಸಿಗೇ ತೀರಿಕೊಂಡರು. ಮರಣಪತ್ರದಲ್ಲಿ ಕ್ಷಯವೆಂದು ಬರೆದಿದ್ದರೂ ಕೊನೆಯ ತಿಂಗಳುಗಳ ನಿಲ್ಲದ ವಾಕರಿಕೆ, ವಾಂತಿಯ ವಿವರ ಓದಿದ ಹಲವು ವೈದ್ಯರು ಈ ಕಾಯಿಲೆಯನ್ನೇ ಶಂಕಿಸುತ್ತಾರೆ. 2012ರ ಡಿಸೆಂಬರ್‌ನಲ್ಲಿ ಅದೇ ದೇಶದ ರಾಜಮನೆತನದ ಸೊಸೆ ಕೇಟ್ ಇದೇ ತೊಂದರೆಯಿಂದ ಲಂಡನ್ನಿನ ಆಸ್ಪತ್ರೆ ಸೇರಿದರು. ಮೂರು ಬಸಿರಿನಲ್ಲೂ ಅವರಿಗೆ ಇದು ಕಾಡಿತು, ಮೂರು ಮಕ್ಕಳೂ ಆರೋಗ್ಯವಾಗಿಯೇ ಹುಟ್ಟಿದರು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಸಹನಶಕ್ತಿಯದಲ್ಲ, ಚಿಕಿತ್ಸೆಯದು.

‘ತಲೆಯೊಳಗಿನ ರೋಗ’ ಅಲ್ಲ

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಯುರೋಪು, ಅಮೆರಿಕದ ಕೆಲವು ವೈದ್ಯರು ಇದನ್ನು ಮನಸ್ಸಿನ ರೋಗವೆಂದು ಬಗೆದಿದ್ದರು. ಹೆಂಗಸಿಗೆ ಮಗು ಬೇಡವಾಗಿದೆ, ಅದಕ್ಕೇ ವಾಂತಿ ಎಂಬುದು ಅವರ ತರ್ಕ. ಆ ತರ್ಕಕ್ಕೆ ತಕ್ಕ ಚಿಕಿತ್ಸೆಯೂ ಇತ್ತು: ರೋಗಿಯನ್ನು ಒಂಟಿ ಕೋಣೆಯಲ್ಲಿಡುವುದು, ಮನೆಯವರನ್ನು ಬಿಡದಿರುವುದು, ವಾಂತಿ ಮಾಡಲು ಬೇಸಿನ್ ಕೂಡ ಕೊಡದಿರುವುದು. ಇಂಥ ಕ್ರೌರ್ಯ ಇಂದಿಲ್ಲ. ಆದರೆ ‘ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶದಲ್ಲಿ ಅದರ ಪಳೆಯುಳಿಕೆ ಇನ್ನೂ ಇದೆ.

ಅಮೆರಿಕದ ತಳಿವಿಜ್ಞಾನಿ ಮಾರ್ಲೆನಾ ಫೆಜ್ಝೋ ಅವರಿಗೆ 1999ರಲ್ಲಿ ಇಂಥದೇ ವಾಂತಿ ಬಂತು. ಅಲುಗಾಡಿದರೂ ಹೊಟ್ಟೆ ತಿರುಗುವಷ್ಟು ಬಳಲಿದರು, ಕೊನೆಗೆ ಮಗುವನ್ನೂ ಕಳೆದುಕೊಂಡರು. ಕಾರಣ ಹುಡುಕಲು ಹೊರಟಾಗ ಈ ವಿಷಯಕ್ಕೆ ಸಂಶೋಧನೆಯ ಹಣ ಸಿಗುವುದೇ ಕಷ್ಟವಾಯಿತು. ಜನ ತಮ್ಮ ವಂಶದ ಬೇರು ತಿಳಿಯಲು ಉಗುಳಿನ ಮಾದರಿ ಕಳಿಸುವ ಖಾಸಗಿ ಕಂಪನಿಯೊಂದನ್ನು ಒಪ್ಪಿಸಿ, ಅದರ ಗ್ರಾಹಕಿಯರಿಗೆ ಬಸಿರಿನ ವಾಂತಿಯ ಬಗ್ಗೆ ಪ್ರಶ್ನೆ ಕೇಳಿಸಿದರು. 50 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಬೊಟ್ಟು ಮಾಡಿದ್ದು ಜಿಡಿಎಫ್15 ಎಂಬ ಹಾರ್ಮೋನಿನ ಕಡೆಗೆ. ಕೇಂಬ್ರಿಜ್‌ನ ಸ್ಟೀಫನ್ ಒ’ರಾಹಿಲಿ ಅವರ ತಂಡದ ಜೊತೆಗೂಡಿ 2023ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಮುಂದಿನ ಕಂತು ಹೊರತಂದರು.

ಅವರು ಕಂಡದ್ದು ಇಷ್ಟು. ಬಸಿರಿನಲ್ಲಿ ಮಗು ಮತ್ತು ಮಾಸು ಈ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಧಾರಾಳವಾಗಿ ಬಿಡುತ್ತವೆ. ಅದು ಮೆದುಳಿನ ಬುಡದಲ್ಲಿರುವ ವಾಕರಿಕೆಯ ಕೇಂದ್ರವನ್ನು ಮುಟ್ಟುತ್ತದೆ. ಬಸಿರಿಗೆ ಮೊದಲೇ ರಕ್ತದಲ್ಲಿ ಈ ಹಾರ್ಮೋನು ಹೆಚ್ಚಿದ್ದವರ ಮೆದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಕಡಿಮೆ ಇದ್ದವರಿಗೆ ಏಟು ಜೋರು. ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಲ್ಲಿ ಈ ಹಾರ್ಮೋನು ಸದಾ ಹೆಚ್ಚಿರುತ್ತದೆ, ಬಸಿರಿನ ವಾಂತಿ ಅವರಿಗೆ ತೀರಾ ಕಡಿಮೆ. ತಾಯಿಗೋ ಅಕ್ಕನಿಗೋ ಹೀಗೆ ಆಗಿದ್ದರೆ ತಂಗಿಗೂ ಆಗುವ ಸಂಭವ ಹೆಚ್ಚೆಂಬ ಹಳೆಯ ಅನುಭವಕ್ಕೂ ತಳಿಯ ಆಧಾರ ಸಿಕ್ಕಂತಾಯಿತು. ನಾರ್ವೆಯ ಹೆರಿಗೆ ದಾಖಲೆಗಳನ್ನು ಪರಿಶೀಲಿಸಿದವರಿಗೆ ಭಾರತ, ಶ್ರೀಲಂಕಾದಲ್ಲಿ ಹುಟ್ಟಿ ಅಲ್ಲಿ ನೆಲೆಸಿದ ಹೆಂಗಸರಲ್ಲಿ ಈ ಕಾಯಿಲೆ ಸ್ಥಳೀಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಂಡುಬಂದಿತ್ತು. ಅಮ್ಮನೂ ಇಲ್ಲದ, ಗಂಜಿ ಕಾಯಿಸಿಕೊಡುವ ನೆರೆಯವರೂ ಇಲ್ಲದ ಪರದೇಶದಲ್ಲಿ ಬಸುರಿಯಾಗುವ ನಮ್ಮ ಹೆಣ್ಣುಮಕ್ಕಳು ಇದನ್ನು ಮೊದಲ ಭೇಟಿಯಲ್ಲೇ ಅಲ್ಲಿನ ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು.

ಈ ನಡುವೆ ‘ವಾಂತಿ ಜಾಸ್ತಿ ಆದ್ರೆ ಹೆಣ್ಣುಮಗು’ ಎಂಬ ಲೆಕ್ಕಾಚಾರವೂ ನಡೆಯುತ್ತಿರುತ್ತದೆ. ಸಾವಿರಾರು ಬಸಿರುಗಳನ್ನು ಒಟ್ಟಿಗೆ ನೋಡಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಕಂಡಿದೆ, ನಿಜ. ಒಬ್ಬ ಹೆಂಗಸಿನ ಹೊಟ್ಟೆಯೊಳಗೆ ಯಾವ ಮಗುವಿದೆ ಎಂಬುದನ್ನು ಅದು ಹೇಳಲಾರದು. ಮೂರು ಸಲವೂ ಇದೇ ಕಾಯಿಲೆಯಿಂದ ಒದ್ದಾಡಿದ ಕೇಟ್‌ಗೆ ಹುಟ್ಟಿದ್ದು ಎರಡು ಗಂಡು, ಒಂದು ಹೆಣ್ಣು. ‘ವಾಂತಿಯಾದರೆ ಬಸಿರು ಗಟ್ಟಿ’ ಎಂಬ ಇನ್ನೊಂದು ಮಾತಿನಲ್ಲಿ ಅರ್ಧ ಸತ್ಯವಿದೆ. ವಾಕರಿಕೆ, ವಾಂತಿ ಇದ್ದವರಲ್ಲಿ ಗರ್ಭಪಾತ ಕಡಿಮೆ ಎಂದು ಅಮೆರಿಕದ 2016ರ ಅಧ್ಯಯನವೊಂದು ತೋರಿಸಿದೆ. ಆದರೆ ಅದು ಸಾಧಾರಣ ವಾಂತಿಯ ಮಾತು. ತಿಂಗಳುಗಟ್ಟಲೆ ತಾಯಿಯ ತೂಕ ಇಳಿಯುತ್ತಲೇ ಹೋದರೆ ಮಗು ಕಡಿಮೆ ತೂಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಏರುತ್ತದೆ.

ಅಳೆದು ನೋಡುವ ಬಗೆ

‘ತುಂಬಾ ವಾಂತಿ’ ಎಂದರೆ ಎಷ್ಟು? ವೈದ್ಯರು ಮೂರು ಪ್ರಶ್ನೆ ಕೇಳುತ್ತಾರೆ. ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ಹೊಟ್ಟೆ ತೊಳಸಿತು? ಎಷ್ಟು ಸಲ ವಾಂತಿಯಾಯಿತು? ಏನೂ ಹೊರಬಾರದ ಒಣ ವಾಕರಿಕೆ ಎಷ್ಟು ಸಲ? ಪ್ರತಿ ಉತ್ತರಕ್ಕೂ 1ರಿಂದ 5 ಅಂಕ. ಒಟ್ಟು 6ರವರೆಗೆ ಸೌಮ್ಯ, 7ರಿಂದ 12 ಮಧ್ಯಮ, 13 ಮುಟ್ಟಿದರೆ ತೀವ್ರ. ಮನೆಯಲ್ಲಿ ಅಂಕಪಟ್ಟಿ ಇಟ್ಟುಕೊಳ್ಳಬೇಕೆಂದಿಲ್ಲ. ಈ ಮೂರು ಲೆಕ್ಕವನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರೂ ವೈದ್ಯರ ಮುಂದೆ ಐದು ನಿಮಿಷದಲ್ಲಿ ಪೂರ್ತಿ ಕಥೆ ಹೇಳಿದ ಹಾಗೆ. ಹೊರರೋಗಿಗಳ ಸಾಲಿನಲ್ಲಿ ನಿಂತು ಬಂದವಳಿಗೆ ಸಿಗುವುದು ಸಾಮಾನ್ಯವಾಗಿ ಅಷ್ಟೇ ಹೊತ್ತು.

ಇನ್ನೊಂದು ಅಳತೆ ತೂಕ. ಬಸಿರಿಗೆ ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೆ ಅದು ಗಂಭೀರ. 50 ಕೆ.ಜಿ. ಇದ್ದವಳಿಗೆ ಎರಡೂವರೆ ಕೆ.ಜಿ. ಕಷ್ಟವೆಂದರೆ ನಮ್ಮಲ್ಲಿ ಬಸಿರಿಗೆ ಮೊದಲಿನ ತೂಕ ಗೊತ್ತಿರುವವರೇ ಅಪರೂಪ. ತಾಯಿ ಕಾರ್ಡಿನಲ್ಲಿ ಮೊದಲ ತೂಕ ಬರೆಯುವ ಹೊತ್ತಿಗೆ ಎಷ್ಟೋ ಜನರಿಗೆ ಎರಡು ಮೂರು ಕೆ.ಜಿ. ಇಳಿದಾಗಿರುತ್ತದೆ. ಮುಟ್ಟು ನಿಂತ ವಾರವೇ ಅಂಗನವಾಡಿಯಲ್ಲೋ ಔಷಧಿ ಅಂಗಡಿಯ ಮುಂದಿನ ಯಂತ್ರದಲ್ಲೋ ತೂಕ ನೋಡಿಕೊಂಡಿದ್ದರೆ ಆಮೇಲೆ ಅದು ಬಲವಾದ ಸಾಕ್ಷಿ.

ಎಲ್ಲಕ್ಕಿಂತ ಸುಲಭದ ಅಳತೆ ಮೂತ್ರ. ಎಂಟು ಗಂಟೆ ಕಳೆದರೂ ಮೂತ್ರ ಬರದಿದ್ದರೆ, ಬಂದರೂ ಹಾಲಿಲ್ಲದ ಚಹಾದ ಬಣ್ಣದಲ್ಲಿ ಸ್ವಲ್ಪವೇ ಬಂದರೆ, ಅಂದೇ ಆಸ್ಪತ್ರೆಗೆ ಹೊರಡಬೇಕು. ಇಡೀ ದಿನ ಕುಡಿದ ಒಂದು ಗುಟುಕೂ ನಿಲ್ಲದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಕೂಡ ಹಾಗೆಯೇ. ಜ್ವರ, ಉರಿಮೂತ್ರ, ಹೊಟ್ಟೆನೋವು ಜೊತೆಗಿದ್ದರೆ ಬಸಿರಿನ ತಲೆಗೆ ಎಲ್ಲವನ್ನೂ ಕಟ್ಟುವಂತಿಲ್ಲ. ಮೂತ್ರದ ಸೋಂಕು, ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು ಬಸುರಿಯರಿಗೂ ಬರುತ್ತವೆ. ಮೊದಲ ನಾಲ್ಕು ತಿಂಗಳು ಆರಾಮಾಗಿದ್ದವಳಿಗೆ ಆಮೇಲೆ ಹೊಸದಾಗಿ ವಾಂತಿ ಶುರುವಾದರೂ ಬೇರೆ ಕಾರಣ ಹುಡುಕಬೇಕು. ಕೊನೆಯ ತಿಂಗಳುಗಳಲ್ಲಿ ವಾಂತಿಯ ಜೊತೆ ತಲೆನೋವು, ಪಕ್ಕೆಲುಬಿನ ಕೆಳಗೆ ನೋವು, ಕಣ್ಣು ಮಂಜಾಗುವುದು ರಕ್ತದೊತ್ತಡ ಏರಿದ ಸೂಚನೆ. ಅದಕ್ಕೆ ಒಂದು ಗಂಟೆಯೂ ಕಾಯಬಾರದು.

ಒಗ್ಗರಣೆಗೆ ರಜೆ

ಅಡುಗೆಮನೆಯಲ್ಲಿ ಮಾಡಬಹುದಾದದ್ದು ಬಹಳವಿದೆ. ಸೌಮ್ಯ, ಮಧ್ಯಮ ವಾಂತಿಯವರಿಗೆ ಇದರಲ್ಲೇ ದಾರಿ ಸಿಗುತ್ತದೆ. ತೀವ್ರವಾಗಿರುವವರಿಗೆ ಔಷಧದ ಜೊತೆಗೆ ನೆರವಾಗುತ್ತದೆ. ಔಷಧಕ್ಕೆ ಬದಲಾಗಿ ಅಲ್ಲ.

ಮೊದಲ ಶತ್ರು ವಾಸನೆ. ಸಾಸಿವೆ-ಇಂಗಿನ ಒಗ್ಗರಣೆ, ಬೇಯುತ್ತಿರುವ ಅನ್ನದ ಹಬೆ, ಹುರಿಯುವ ಮೀನು, ಊದುಬತ್ತಿ, ಫಿನೈಲ್, ಬಸ್ಸಿನ ಡೀಸೆಲ್ ಹೊಗೆ, ಕೆಲವೊಮ್ಮೆ ಗಂಡನ ಸೋಪು ಕೂಡ. ಬಸುರಿಯನ್ನು ಒಲೆಯ ಮುಂದೆ ನಿಲ್ಲಿಸಿ, ಅವಳು ಮಾಡಿದ ಅಡುಗೆಯನ್ನು ಎಲ್ಲರೂ ಉಂಡು, ‘ನೀನೂ ಒಂದು ತುತ್ತು ತಿನ್ನಮ್ಮಾ’ ಎಂದು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ. ಆ ಎರಡು ಮೂರು ತಿಂಗಳು ಒಲೆಯ ಜವಾಬ್ದಾರಿ ಬೇರೆಯವರದಾಗಬೇಕು. ಎರಡೇ ಕೋಣೆಯ ಮನೆಯಾದರೆ ಅಡುಗೆಯ ಹೊತ್ತಿಗೆ ಅವಳು ಪಕ್ಕದ ಮನೆಯ ಜಗಲಿಗೋ ಮಹಡಿಗೋ ಹೋಗಿ ಕೂರಬಹುದು. ಬಿಸಿ ಊಟಕ್ಕಿಂತ ಆರಿದ ಊಟದಲ್ಲಿ ವಾಸನೆ ಕಡಿಮೆ. ಹಾಗಾಗಿ ಒಗ್ಗರಣೆಯಿಲ್ಲದ ತಣ್ಣನೆಯ ಮೊಸರನ್ನ, ಆರಿದ ಇಡ್ಲಿ, ಉಪ್ಪು ಹಾಕಿದ ಗಂಜಿ, ನೆನೆಸಿದ ಅವಲಕ್ಕಿ ಇಳಿಯುತ್ತವೆ, ಬಿಸಿ ಸಾರು ಇಳಿಯುವುದಿಲ್ಲ.

ಎರಡನೆಯದು ಖಾಲಿ ಹೊಟ್ಟೆ. ವಾಂತಿಯ ಭಯಕ್ಕೆ ತಿನ್ನದೆ ಕೂತರೆ ಹುಳಿರಸ ಉಕ್ಕಿ ವಾಕರಿಕೆ ಇನ್ನೂ ಹೆಚ್ಚುತ್ತದೆ. ಹಾಸಿಗೆಯ ಪಕ್ಕದ ಡಬ್ಬಿಯಲ್ಲಿ ಮಂಡಕ್ಕಿ, ರಸ್ಕ್, ಖಾರ ಬಿಸ್ಕತ್ತು ಇಟ್ಟುಕೊಂಡು, ಏಳುವ ಮೊದಲೇ ಮಲಗಿದಲ್ಲೇ ಎರಡು ಚೂರು ತಿಂದು, ಕಾಲು ಗಂಟೆ ಬಿಟ್ಟು ಮೆಲ್ಲಗೆ ಎದ್ದರೆ ಹಲವರಿಗೆ ಮೊದಲ ವಾಂತಿ ತಪ್ಪುತ್ತದೆ. ಮೂರು ಹೊತ್ತಿನ ಊಟದ ಲೆಕ್ಕ ಬಿಟ್ಟು ಒಂದೆರಡು ಗಂಟೆಗೊಮ್ಮೆ ಮುಷ್ಟಿಯಷ್ಟು ತಿನ್ನುವುದು ಲೇಸು. ಊಟದ ಜೊತೆಗೇ ನೀರು ಕುಡಿದರೆ ಹೊಟ್ಟೆ ಉಬ್ಬಿ ಎಲ್ಲ ಹೊರಬರುತ್ತದೆ; ನಡುವೆ ಅರ್ಧ ಗಂಟೆ ಬಿಡಬೇಕು. ಪೌಷ್ಟಿಕತೆಯ ಚಿಂತೆ ಈ ದಿನಗಳಲ್ಲಿ ಬೇಡ. ಸೊಪ್ಪು, ಮೊಟ್ಟೆ, ಹಾಲು ಎಂದು ಪಟ್ಟಿ ಹಿಡಿದು ಬೆನ್ನಟ್ಟುವವರಿಗೆ ಹೇಳಬೇಕಾದ್ದು ಒಂದೇ: ಯಾವುದು ದಕ್ಕುತ್ತದೋ ಅದೇ ಸದ್ಯಕ್ಕೆ ಒಳ್ಳೆಯ ಆಹಾರ. ಉಪ್ಪಿನಕಾಯಿ ನೆಕ್ಕಿಕೊಂಡು ಬರೀ ಮಂಡಕ್ಕಿಯಲ್ಲಿ ಒಂದು ವಾರ ಕಳೆದರೂ ಮಗುವಿಗೆ ಕೇಡಾಗದು.

ನೀರಿನ ವಿಷಯದಲ್ಲಿ ಮಾತ್ರ ಇಷ್ಟು ಉದಾರತೆ ಸಲ್ಲದು. ಲೋಟಗಟ್ಟಲೆ ಕುಡಿದರೆ ನಿಲ್ಲುವುದಿಲ್ಲ, ಎರಡು ಮೂರು ನಿಮಿಷಕ್ಕೊಂದು ಚಮಚ ನಿಲ್ಲಬಹುದು. ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕ, ನೀರು ಮಜ್ಜಿಗೆ, ಫ್ರಿಜ್ ಇದ್ದರೆ ಚೀಪಲು ಐಸ್ ತುಂಡು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬರೀ ಅದನ್ನೇ ನಂಬಿದರೆ ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಒಆರ್‌ಎಸ್ ಪೊಟ್ಟಣವೇ ಎಲ್ಲಕ್ಕಿಂತ ಉತ್ತಮ. ಒಂದು ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು, 24 ಗಂಟೆಯಲ್ಲಿ ಖಾಲಿಯಾಗದಿದ್ದರೆ ಚೆಲ್ಲಬೇಕು. ಅಂಗಡಿಗಳಲ್ಲಿ ಅದೇ ಹೆಸರು ಹೊತ್ತ ಸಿಹಿ ಪಾನೀಯಗಳು ಬಹುಕಾಲ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಕೊಳ್ಳುವಾಗ ಪೊಟ್ಟಣದ ಬೆನ್ನು ತಿರುಗಿಸಿ ಓದುವುದು ಈಗಲೂ ಒಳ್ಳೆಯದು.

ಶುಂಠಿ? ಸೌಮ್ಯ ವಾಕರಿಕೆಗೆ ಶುಂಠಿಯ ಉಪಕಾರ ಸಂಶೋಧನೆಗಳಲ್ಲೂ ಕಂಡಿದೆ. ದಿನಕ್ಕೆ ಒಂದು ಗ್ರಾಂ ಒಣಶುಂಠಿಯ ಆಸುಪಾಸು ಸಾಕು. ಆದರೆ ದಿನಕ್ಕೆ ಹತ್ತಿಪ್ಪತ್ತು ಸಲ ವಾಂತಿ ಮಾಡಿ ಗಂಟಲು ಹುಣ್ಣಾದವಳಿಗೆ ಶುಂಠಿ ಕಷಾಯ ಕೊಟ್ಟರೆ ಗಾಯಕ್ಕೆ ಖಾರ ಸವರಿದಂತೆಯೇ. ಇಂಥವಳನ್ನು ನೋಡಲು ಬಂದವರೆಲ್ಲ ‘ಶುಂಠಿ ತಗೊಂಡ್ಯಾ?’ ಎಂದು ಕೇಳುವುದನ್ನು ನಿಲ್ಲಿಸಿದರೇ ಅವಳಿಗೆ ಅರ್ಧ ಸಮಾಧಾನ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಲೇಹ್ಯ, ಪುಡಿಗಳನ್ನಂತೂ ಈ ತಿಂಗಳುಗಳಲ್ಲಿ ಮುಟ್ಟದಿರುವುದೇ ಜಾಣತನ.

ಹಲ್ಲಿನ ಬಗ್ಗೆ ಯಾರೂ ಹೇಳುವುದಿಲ್ಲ. ವಾಂತಿಯಾದ ಕೂಡಲೇ ಬ್ರಶ್ ಹಿಡಿದರೆ ಹುಳಿಗೆ ಮೆತ್ತಗಾದ ಹಲ್ಲಿನ ಹೊರಪದರ ಸವೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಕದಡಿದ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ನಂತರ ಹಲ್ಲುಜ್ಜಬೇಕು. ಪೇಸ್ಟಿನ ನೊರೆಗೇ ವಾಕರಿಕೆ ಬರುವುದಾದರೆ ಮಕ್ಕಳ ಚಿಕ್ಕ ಬ್ರಶ್ಶು, ಬರೀ ನೀರು ಸಾಕು.

ಮಾತ್ರೆಯ ಭಯ ಬಂದದ್ದೆಲ್ಲಿಂದ

‘ಬಸುರಿ ಮಾತ್ರೆ ನುಂಗಬಾರದು’ ಎಂಬ ಭಯಕ್ಕೆ ಇತಿಹಾಸವಿದೆ. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಎಂಬ ನಿದ್ದೆಯ ಔಷಧ ಬಸುರಿಯರ ವಾಕರಿಕೆಗೂ ಬಳಕೆಯಾಯಿತು. 1961ರ ಕೊನೆಯಲ್ಲಿ ಅದನ್ನು ವಾಪಸು ಪಡೆಯುವ ಹೊತ್ತಿಗೆ ಜಗತ್ತಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಪುರಾವೆ ಸಾಲದೆಂದು ಪಟ್ಟುಹಿಡಿದು ಅನುಮತಿ ಕೊಡಲಿಲ್ಲ. ಆ ದೇಶ ದೊಡ್ಡ ಅನಾಹುತದಿಂದ ಪಾರಾಯಿತು.

ಆದರೆ ಅದೇ ಭಯ ಮುಂದೆ ಇನ್ನೊಂದು ತಪ್ಪಿಗೆ ಕಾರಣವಾಯಿತು. 1956ರಿಂದ ಅಮೆರಿಕದಲ್ಲಿ ಬೆಂಡೆಕ್ಟಿನ್ ಎಂಬ ಮಾತ್ರೆ ಬಳಕೆಯಲ್ಲಿತ್ತು. ಒಳಗಿದ್ದದ್ದು ಮುಖ್ಯವಾಗಿ ಡಾಕ್ಸಿಲಮಿನ್ ಎಂಬ ಅಲರ್ಜಿ ಔಷಧ ಮತ್ತು ಬಿ6 ಜೀವಸತ್ವ. ಮೂರು ಕೋಟಿಗೂ ಹೆಚ್ಚು ಬಸುರಿಯರು ಅದನ್ನು ನುಂಗಿದ್ದರು. ಥಾಲಿಡೋಮೈಡ್ ನಂತರದ ಅನುಮಾನದ ಗಾಳಿಯಲ್ಲಿ ಅದರ ಮೇಲೂ ನೂರಾರು ಮೊಕದ್ದಮೆಗಳು ಬಿದ್ದವು. ದೋಷ ಸಾಬೀತಾಗದಿದ್ದರೂ ವಕೀಲರ ಖರ್ಚು ತಾಳಲಾರದೆ ಕಂಪನಿ 1983ರಲ್ಲಿ ಮಾತ್ರೆ ನಿಲ್ಲಿಸಿತು. ಆಮೇಲೆ ಏನಾಯಿತು? ಊನವಿರುವ ಮಕ್ಕಳ ಸಂಖ್ಯೆ ಇಳಿಯಲಿಲ್ಲ. ಇಳಿಯದ ವಾಂತಿಗೆ ಆಸ್ಪತ್ರೆ ಸೇರುವ ಬಸುರಿಯರ ಸಂಖ್ಯೆ ಏರಿತು. ಮೂವತ್ತು ವರ್ಷ ಕಳೆದು 2013ರಲ್ಲಿ ಅದೇ ಜೋಡಿಗೆ ಅಲ್ಲಿನ ಔಷಧ ನಿಯಂತ್ರಕರು ಹೊಸ ಹೆಸರಿನಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ಔಷಧ ಕೊಡದಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಇದೇ ಜೋಡಿ ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ, ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದೂ ಇದನ್ನೇ. ವಾಂತಿಯಾದ ಮೇಲೆ ನುಂಗುವ ಮಾತ್ರೆಯಲ್ಲ ಇದು. ರಾತ್ರಿ ಮಲಗುವಾಗ ಶುರುಮಾಡಿ, ವೈದ್ಯರು ಹೇಳಿದ ಲೆಕ್ಕದಲ್ಲಿ ತಪ್ಪದೆ ತೆಗೆದುಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ನಿದ್ದೆ ತರುತ್ತದೆ, ಆದ್ದರಿಂದ ಹೊಲಿಗೆ ಯಂತ್ರದ ಮುಂದೆ ಕೂರುವವರು, ಸ್ಕೂಟರ್ ಓಡಿಸುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇದಕ್ಕೆ ಬಗ್ಗದಿದ್ದರೆ ಪ್ರೊಮೆಥಜೀನ್, ಮೆಟೊಕ್ಲೊಪ್ರಮೈಡ್, ಒಂಡಾನ್ಸೆಟ್ರಾನ್ ಹೀಗೆ ಮುಂದಿನ ಮೆಟ್ಟಿಲುಗಳಿವೆ. ಮೆಟೊಕ್ಲೊಪ್ರಮೈಡ್ ಕೆಲವರಿಗೆ ಕುತ್ತಿಗೆ, ದವಡೆ ಸೆಟೆಯುವಂತೆ ಮಾಡುವುದರಿಂದ ಅದನ್ನು ಹೆಚ್ಚು ದಿನ ಕೊಡುವುದಿಲ್ಲ. ಒಂಡಾನ್ಸೆಟ್ರಾನ್ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು: ಮೊದಲ ಮೂರು ತಿಂಗಳಲ್ಲಿ ಬಳಸಿದರೆ ಹತ್ತು ಸಾವಿರ ಮಕ್ಕಳಲ್ಲಿ ಸುಮಾರು ಮೂವರಿಗೆ ಹೆಚ್ಚುವರಿಯಾಗಿ ಸೀಳುತುಟಿ ಅಥವಾ ಸೀಳು ಅಂಗುಳ ಬರಬಹುದು. ಸಂಖ್ಯೆ ಚಿಕ್ಕದು. ಹಾಗಾಗಿ ಬೇರೆ ಔಷಧ ಸೋತಾಗ ತಾಯಿಗೆ ವಿಷಯ ತಿಳಿಸಿ ಕೊಡಬಹುದೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ಇದು ಮಲ ಕಟ್ಟಿಸುತ್ತದೆ, ಮಲ ಕಟ್ಟಿದರೆ ವಾಕರಿಕೆ ಹೆಚ್ಚುತ್ತದೆ. ಅದಕ್ಕೂ ಪರಿಹಾರ ಕೇಳಿ ಪಡೆಯಬೇಕು. ಇವುಗಳಲ್ಲಿ ಯಾವುದನ್ನೂ ಪಕ್ಕದ ಮನೆಯವರ ಚೀಟಿ ನೋಡಿ ಕೊಳ್ಳುವಂತಿಲ್ಲ.

ಕಬ್ಬಿಣದ ಮಾತ್ರೆಯೂ ಹೊಟ್ಟೆ ಕೆಡಿಸಬಲ್ಲದು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೇ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಮಾತ್ರ, ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿನಿಂದ. ಮೊದಲೇ ಶುರುಮಾಡಿ ವಾಂತಿ ಹೆಚ್ಚಾಗಿದ್ದರೆ ವೈದ್ಯರನ್ನು ಕೇಳಿ ಸದ್ಯಕ್ಕೆ ನಿಲ್ಲಿಸಬಹುದು. ಫೋಲಿಕ್ ಆಮ್ಲವನ್ನು ಮಾತ್ರ ದಿನದಲ್ಲಿ ಹೊಟ್ಟೆ ಶಾಂತವಾಗಿರುವ ಹೊತ್ತು ನೋಡಿ ನುಂಗಲೇಬೇಕು.

‘ಒಂದು ಬಾಟ್ಲು ಗ್ಲೂಕೋಸ್ ಹಾಕ್ಸಿ’

ಸುಸ್ತಾದವರನ್ನು ಕ್ಲಿನಿಕ್ಕಿಗೆ ಕರೆದೊಯ್ದು ಹೀಗೆ ಕೇಳುವುದು ನಮ್ಮಲ್ಲಿ ರೂಢಿ. ಈ ಕಾಯಿಲೆಯಲ್ಲಿ ಅದು ಯೋಚಿಸಬೇಕಾದ ಬೇಡಿಕೆ. ವಾರಗಟ್ಟಲೆ ಊಟ ದಕ್ಕದವಳ ದೇಹದಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಸಕ್ಕರೆಯನ್ನು ಕರಗಿಸಲು ದೇಹಕ್ಕೆ ಅದೇ ಬೇಕು. ಅದನ್ನು ಕೊಡದೆ ಡೆಕ್ಸ್‌ಟ್ರೋಸ್ ಬಾಟಲಿ ಏರಿಸಿದರೆ ಉಳಿದ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ವೆರ್ನಿಕೆ ಎನ್‌ಸೆಫಲೋಪತಿ ಎಂಬ ಆ ಸ್ಥಿತಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಮಾತು ತಡವರಿಸಿ ಗೊಂದಲ ಕವಿಯುತ್ತದೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಅಪರೂಪ, ಆದರೆ ಪೂರ್ತಿ ತಡೆಯಬಹುದಾದದ್ದು.

ಹಾಗಾಗಿ ಸರಿಯಾದ ಕ್ರಮವೆಂದರೆ ಮೊದಲು ಸಲೈನ್, ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿದ್ದರೆ ಅದನ್ನೂ ಸೇರಿಸಿ, ಜೊತೆಗೆ ಥಯಾಮಿನ್. ಜೊತೆಗೆ ಹೋದವರು ‘ಡಾಕ್ಟ್ರೇ, ಹದಿನೈದು ದಿನದಿಂದ ಏನೂ ದಕ್ಕಿಲ್ಲ, ಬಿ1 ಇಂಜೆಕ್ಷನ್ ಬೇಕಾಗುತ್ತಾ?’ ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸಿಕೊಳ್ಳರು. ಆಸ್ಪತ್ರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆ ನಡೆಯುತ್ತದೆ. ಅವಳಿ ಮಕ್ಕಳಿದ್ದಾರೆಯೇ, ಮಾಸು ಗುಳ್ಳೆಗಳ ಗೊಂಚಲಾಗಿ ಬೆಳೆಯುವ ಅಪರೂಪದ ಮುತ್ತುಗರ್ಭವೇ ಎಂದು ನೋಡಲು ಸ್ಕ್ಯಾನ್ ಆಗುತ್ತದೆ. ಎಲ್ಲರೂ ದಿನಗಟ್ಟಲೆ ಮಲಗಬೇಕೆಂದಿಲ್ಲ, ಹಲವರಿಗೆ ಹಗಲಿನಲ್ಲಿ ಡ್ರಿಪ್ ಹಾಕಿಸಿ ಸಂಜೆಗೆ ಮನೆಗೆ ಮರಳಿದರೂ ಸಾಕು. ನೀರಿನಂಶ ಕಡಿಮೆಯಾಗಿ ಮಲಗಿಯೇ ಇರುವ ಬಸುರಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದು ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಹೇಳಬೇಕು.

ಖರ್ಚಿನ ಅಂಜಿಕೆಯಿಂದ ತಡಮಾಡುವವರಿದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಗರ್ಭಿಣಿಯರಿಗೆ ಔಷಧ, ಪರೀಕ್ಷೆ ಉಚಿತ. 108 ಆಂಬುಲೆನ್ಸ್ ಹೆರಿಗೆ ನೋವಿಗೆ ಮಾತ್ರವಲ್ಲ, ನಿರ್ಜಲಗೊಂಡು ಬಿದ್ದ ಬಸುರಿಗೂ ಬರುತ್ತದೆ. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಟ್ಟರೆ ದಾರಿ ಸಲೀಸು.

ಕೆಲಸ, ಮನಸ್ಸು, ಮುಂದಿನ ಬಸಿರು

ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಪೀಸ್ ಎಂಬ ಲೆಕ್ಕದಲ್ಲಿ ದುಡಿಯುವವಳಿಗೆ ಪದೇ ಪದೇ ಎದ್ದು ಹೋಗುವುದೇ ಸಮಸ್ಯೆ. ಬಸುರಿಯೆಂದು ಹೇಳಿಕೊಂಡರೆ ಕೆಲಸ ಹೋದೀತೆಂಬ ಹೆದರಿಕೆ ಬೇರೆ. ಕಾನೂನು ಅವಳ ಪರವಾಗಿದೆ. 26 ವಾರಗಳ ಹೆರಿಗೆ ರಜೆಯಲ್ಲದೆ, ಬಸಿರಿನಿಂದ ಬಂದ ಕಾಯಿಲೆಗೆ ವೈದ್ಯರ ಪ್ರಮಾಣಪತ್ರ ಕೊಟ್ಟರೆ ಒಂದು ತಿಂಗಳವರೆಗೆ ಸಂಬಳ ಸಹಿತ ಹೆಚ್ಚುವರಿ ರಜೆ ಪಡೆಯುವ ಹಕ್ಕು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಇಎಸ್‌ಐ ಕಾರ್ಡ್ ಇರುವವರಿಗೂ ಇಂಥ ಒಂದು ತಿಂಗಳ ಅವಕಾಶವಿದೆ. ಪ್ರಮಾಣಪತ್ರದಲ್ಲಿ ಬರೀ ‘ನಿಶ್ಶಕ್ತಿ’ ಎಂದು ಬರೆಸದೆ ಕಾಯಿಲೆಯ ಹೆಸರನ್ನೇ ಬರೆಸಿಕೊಳ್ಳಬೇಕು. ಐಟಿ ಕಂಪನಿಯ ಉದ್ಯೋಗಿಗೂ ಇದೇ ಹಕ್ಕು. ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ರಜೆಗೆ ಬದಲಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ದಿನವಿಡೀ ಬಕೆಟ್ಟಿನ ಪಕ್ಕ ಮಲಗಿರುವವಳಿಗೆ ಒಮ್ಮೊಮ್ಮೆ ಈ ಮಗುವೇ ಬೇಡ ಅನ್ನಿಸುತ್ತದೆ. ಹಾಗನ್ನಿಸಿದ್ದಕ್ಕೆ ಮತ್ತೆ ಪಾಪಪ್ರಜ್ಞೆ. ತೀರಾ ಬಯಸಿ ಪಡೆದ ಬಸಿರನ್ನೂ ಕಾಯಿಲೆ ತಾಳಲಾರದೆ ತೆಗೆಸಿದವರು ಎಲ್ಲ ದೇಶಗಳಲ್ಲಿದ್ದಾರೆ. ಖಿನ್ನತೆ ಇಲ್ಲಿ ವಾಂತಿಯ ಕಾರಣವಲ್ಲ, ಪರಿಣಾಮ. ಅವಳಿಗೆ ಉಪದೇಶಕ್ಕಿಂತ ಬಕೆಟ್ ತೊಳೆದಿಡುವ ಕೈ ಬೇಕು, ಹಿರಿಯ ಮಗುವನ್ನು ಶಾಲೆಗೆ ಬಿಡುವವರು ಬೇಕು. ಬದುಕೇ ಸಾಕೆಂಬ ಮಾತು ಅವಳ ಬಾಯಲ್ಲಿ ಬಂದರೆ ಅದನ್ನು ಬಸುರಿಯ ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಒಮ್ಮೆ ಇಂಥ ಬಸಿರು ಕಂಡವರಿಗೆ ಮುಂದಿನ ಬಾರಿಯೂ ಅದು ಮರುಕಳಿಸುವ ಸಂಭವ ಗಣನೀಯ. ಆದರೆ ಈ ಸಲ ಕೈಯಲ್ಲಿ ಮಾಹಿತಿ ಇರುತ್ತದೆ. ಹಳೆಯ ಡಿಸ್ಚಾರ್ಜ್ ಚೀಟಿ, ಯಾವ ಮಾತ್ರೆ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಎಷ್ಟನೇ ವಾರದಲ್ಲಿ ಇಳಿಯಿತು ಎಂಬ ಟಿಪ್ಪಣಿ ತಾಯಿ ಕಾರ್ಡಿನ ಜೊತೆಗಿರಲಿ. ಮಗುವಿಗೆ ಪ್ರಯತ್ನಿಸುವ ಮೊದಲೇ ವೈದ್ಯರನ್ನು ಕಂಡು, ಮುಟ್ಟು ನಿಂತ ಕೂಡಲೇ, ವಾಕರಿಕೆ ಜೋರಾಗುವುದಕ್ಕೆ ಮುಂಚೆಯೇ ಔಷಧ ಶುರುಮಾಡಬಹುದೇ ಎಂದು ಕೇಳಬೇಕು. ಹಾಗೆ ಮಾಡಿದವರಲ್ಲಿ ಎರಡನೇ ಸಲದ ತೀವ್ರತೆ ತಗ್ಗಿದ್ದುಂಟು. ಬಸಿರಿಗೆ ಮೊದಲೇ ಜಿಡಿಎಫ್15 ಮಟ್ಟವನ್ನು ಏರಿಸಿ ದೇಹವನ್ನು ಒಗ್ಗಿಸುವ ಉಪಾಯವನ್ನು ಸಂಶೋಧಕರು ಪರೀಕ್ಷಿಸುತ್ತಿದ್ದಾರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಆ ಪಟ್ಟಿಯಲ್ಲಿದೆ. ಫಲಿತಾಂಶ ಬರುವ ಮುನ್ನ ಅದನ್ನು ಯಾರೂ ತಾವಾಗಿ ನುಂಗುವಂತಿಲ್ಲ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಸಿದ್ಧತೆಯೂ ಇದೆ: ಮೊದಲ ನಾಲ್ಕು ತಿಂಗಳು ಅಡುಗೆ ಯಾರದು, ದೊಡ್ಡ ಮಗು ಯಾರ ಮನೆಯಲ್ಲಿ, ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದರೆ ಗಾಡಿ ಯಾರದು ಎಂಬುದನ್ನು ಬಸಿರು ನಿಲ್ಲುವ ಮೊದಲೇ ಕೂತು ಮಾತಾಡಿಕೊಳ್ಳುವುದು.